ಒಗ್ಗರಣೆ ಇಲ್ಲದ ರಾತ್ರಿ

ಬೇಟೆಯ ಹಿಂದಿನ ರಾತ್ರಿ ನಮ್ಮನೇಲಿ
ಸಾಸಿವೆ ಸಿಡಿಯುತ್ತಿರಲಿಲ್ಲ.
ಬೇಯಿಸಿದ ಹುರುಳಿ, ಉಪ್ಪು, ಗಂಜಿ.
ಅವ್ವ ಬಾಣಲೆಯನ್ನು ಬೋರಲು ಹಾಕಿ
ಅದರ ಮೇಲೊಂದು ಗುಂಡುಕಲ್ಲಿಡುತ್ತಿದ್ದಳು,
ಮರೆತು ಕೈ ಹೋದೀತೆಂದು.

ಅಪ್ಪನ ಅಂಗಿ ಮೂರು ದಿನದಿಂದ
ಹಿತ್ತಲಾಚೆ ತರಗೆಲೆಯೊಳಗೆ ಹೂತಿರುತ್ತಿತ್ತು.
ಸೋಪಿಲ್ಲ, ಬೀಡಿಯಿಲ್ಲ, ಎಲೆಅಡಿಕೆಯೂ ಇಲ್ಲ.
"ಕಡವೆಗೆ ಕಣ್ಣು ಅಷ್ಟಕ್ಕಷ್ಟೆ," ಅನ್ನುತ್ತಿದ್ದ,
"ಮರದ ಹಾಗೆ ನಿಂತರೆ ಮರವೇ ಅನ್ಕೊಳ್ಳುತ್ತೆ.
ಕಿವಿಗಾದರೆ ಕಾಲು ಹಗುರ ಮಾಡ್ಬಹುದು.
ಮೂಗಿಗೆ ಮಾತ್ರ ಸುಳ್ಳು ಹೇಳೋಕಾಗಲ್ಲ ಕಣೆ,
ನೀನು ಬಾಯಿ ಬಿಡೋ ಮುಂಚೆ ಗಾಳಿ ನಿಜ ಹೇಳಿಬಿಡುತ್ತೆ."

ದೇವರಮನೆ ಗುಡ್ಡದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಇಷ್ಟು:
ಕತ್ತಲಿರುವ ತನಕ ಗಾಳಿ ಇಳಿಯುತ್ತದೆ,
ತಣ್ಣಗೆ, ಸೀಗೆಮೆಳೆ ಸವರಿಕೊಂಡು, ಝರಿಯ ಜೊತೆಜೊತೆಗೇ.
ಬಿಸಿಲು ತಾಗಿದ ಮೇಲೆ ಹತ್ತುತ್ತದೆ,
ಬಣಕಲ್ ಸಂತೆ ಮುಗಿಸಿದವರ ಹಾಗೆ
ಸಿಕ್ಕಿದ್ದೆಲ್ಲ ಹೊತ್ತುಕೊಂಡು.
ನಡುವೆ ಒಂದು ಗಳಿಗೆ
ಇಳಿಯುವುದೋ ಹತ್ತುವುದೋ ತೋಚದೆ ನಿಲ್ಲುತ್ತದೆ.
ಬೇಟೆ ಕೆಡುವುದು ಅಲ್ಲಿ.

ಅಣ್ಣನಿಗೆ ಕೆಮ್ಮು. ಹಾಗಾಗಿ ಆ ಮಾಘದಲ್ಲಿ
ಬೂದಿ ಗಂಟು ಹಿಡಿಯಲು ನಾನು ಹೋದೆ.
ಒಲೆಯ ಬೂದಿ, ಬಟ್ಟೆಯಲ್ಲಿ ಜರಡಿ ಹಿಡಿದದ್ದು,
ಹಳೇ ಪಂಚೆಯ ತುಂಡಲ್ಲಿ ಕಟ್ಟಿದ್ದು.
ಹತ್ತು ಹೆಜ್ಜೆಗೊಮ್ಮೆ ಬೆರಳಲ್ಲಿ ತಟ್ಟಬೇಕು,
ಎದ್ದ ಪುಡಿ ಎತ್ತ ವಾಲಿತೆಂದು
ಮಾತಿಲ್ಲದೆ ಗಲ್ಲದಿಂದ ತೋರಿಸಬೇಕು.

ಹೊರಡುವ ಮುನ್ನ ಅವ್ವ ಬುಡ್ಡಿದೀಪದ ಬೆಳಕಲ್ಲಿ
ನನ್ನ ಕೂದಲು ಬಿಚ್ಚಿ, ಬಾಚಿ, ಹೆಣೆದಳು.
ತಡವಾಯಿತೆಂದು ಅಪ್ಪ ಅಂಗಳದಲ್ಲಿ ಕಾಲು ಬದಲಿಸುತ್ತಿದ್ದ.

ಕಾನಿನ ಅಂಚಿಗೆ ಒಂದು ಗುಂಡಿನಳತೆ ಕೆಳಗೆ
ಕರಡದಲ್ಲಿ ಮೊಣಕಾಲೂರಿದೆವು.
ಮೇಲಿನಿಂದ ಮೊದಲು ಅದರ ವಾಸನೆ ಬಂತು:
ಒದ್ದೆ ಕಂಬಳಿ, ಕೆಸರು, ಜಗಿದ ನೆಲ್ಲಿ.
ಆಮೇಲೆ ಕೊಂಬು,
ಮಂಜಿನೊಳಗಿಂದ ಒಣಗಿದ ಮರವೊಂದು ನಡೆದುಬಂದ ಹಾಗೆ.
ಒಂದು ಕಿವಿ ನಮ್ಮತ್ತ, ಒಂದು ಬೇರೆತ್ತ.

ಅಪ್ಪ ಕೋವಿಯ ಕುದುರೆ ಎಳೆದ.
ನಾನು ಗಂಟು ತಟ್ಟಿದೆ.
ಬೂದಿ ಎತ್ತಲೂ ಹೋಗಲಿಲ್ಲ.
ನನ್ನ ಮೂಗಿನ ಮುಂದೆ
ಏನೋ ಮರೆತು ಬಂದವಳಂತೆ ನಿಂತೇ ಇತ್ತು.
ಗಲ್ಲ ಎತ್ತ ತೋರಿಸಲಿ?
ಎದುರು ಗುಡ್ಡದ ನೆತ್ತಿ ಆಗಷ್ಟೇ ಹಳದಿಯಾಗಿತ್ತು.

ಹೊಡಿ ಅಪ್ಪ, ಎಂದೆ ಮನಸಲ್ಲೇ. ಅಥವಾ
ಹೊಡೀಬೇಡ ಎಂದೆನೋ, ಈಗ ನೆನಪಿಲ್ಲ.

ಆಗ ಹೆಡತಲೆಗೆ ಯಾರೋ ಮೆಲ್ಲಗೆ ಊದಿದರು.
ಬೂದಿ ನನ್ನನ್ನು ಬಿಟ್ಟು ಮೇಲೇರಿತು.
ಕರಡದ ಎಳೆಗಳು ಒಂದೊಂದಾಗಿ ತಲೆಬಾಗಿಸುತ್ತ
ಕಡವೆಯ ತನಕ ಸುದ್ದಿ ಮುಟ್ಟಿಸಿದವು.
ಅದು ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ
ಢಾಂಕ್ ಎಂದು ಒಮ್ಮೆ ಕೂಗಿ
ಕಾನೊಳಗೆ ಹೋಯಿತು. ಓಡಲೂ ಇಲ್ಲ.

ಅಪ್ಪ ಬೈಯಲಿಲ್ಲ. ಕುದುರೆ ಇಳಿಸಿ,
ಸೊಂಟದ ಮಡಿಕೆ ಮಡಿಕೆ ಬಿಚ್ಚಿ
ಅಲ್ಲೆಲ್ಲೋ ಅಡಗಿದ್ದ ಒಂದೇ ಬೀಡಿ ತೆಗೆದು ಹಚ್ಚಿದ.
"ನೋಡು, ಈಗ ಹತ್ತುತ್ತಾ ಇದೆ," ಅಂದ, ಹೊಗೆ ತೋರಿಸಿ,
ಶಾಲೆ ಮೇಷ್ಟರ ಥರ.
ಇಳಿಯುವಾಗ ನೆಲ್ಲಿಕಾಯಿ ಕಿತ್ತುಕೊಟ್ಟ.

ಈಗ ಕೋವಿ ಮೂಡಿಗೆರೆ ಠಾಣೆಯಲ್ಲಿದೆ,
ಯಾವುದೋ ಎಲೆಕ್ಷನ್ನಿಗೆ ಇಟ್ಟು ಬಂದದ್ದು, ಬಿಡಿಸಲಿಲ್ಲ.
ಬೇಟೆ ದೂಮಯ್ಯನ ಎರಡೂ ಕಣ್ಣಿಗೆ ಪೊರೆ.
ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂರುತ್ತಾನೆ:
"ಫಾರೆಸ್ಟ್ ಗಾರ್ಡು ಬಂದ. ಸೋಪು ಬದಲಿಸಿದಾನೆ.
ಪೋಸ್ಟಿನ ಹುಡುಗಿ. ಇವತ್ತು ಮೀನು ತಗೊಂಡಿದಾಳೆ."
ಒಂದು ಕಿವಿ ನಮ್ಮತ್ತ, ಒಂದು ಬೇರೆತ್ತ.

ಮೊನ್ನೆ ಅವ್ವನ ತಿಥಿಯ ಅಡುಗೆಗೆ
ನಾನು ಸಾಸಿವೆ ಸಿಡಿಸುತ್ತಿದ್ದಾಗ
ಗೋಡೆ ಸವರಿಕೊಂಡು ಒಳಗೆ ಬಂದು ನಿಂತ.
"ಅವತ್ತು ನಿಂಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಹಚ್ಚಿದ್ಲು.
ಅಂಗಳದಲ್ಲಿ ನಿಂತಾಗಲೇ ನನ್ನ ಮೂಗಿಗೆ ಬಡೀತು."

ಗೊತ್ತಿದ್ದೂ ಯಾಕೆ ಕರಕೊಂಡು ಹೋದೆ?

ಅಪ್ಪ ಮಾತಾಡಲಿಲ್ಲ.
ಒಲೆಯ ಹೊಗೆ ಎತ್ತ ವಾಲಿದೆಯೆಂದು
ಗಲ್ಲ ಎತ್ತಿ ಹುಡುಕುತ್ತಿದ್ದ.