ಹದಿನೇಳನೇ ಬಾಟಲಿ

ಮಾಲೂರಿನ ಹೆಂಚಿನ ಕಾರ್ಖಾನೆಯ ಬೆನ್ನಿಗೆ
ನಮ್ಮ ಲ್ಯಾಬು. ಕಿಟಕಿ ತೆರೆಯುವಂತಿಲ್ಲ.
ಹೊರಗೆ ಸುಟ್ಟ ಮಣ್ಣಿನ ವಾಸನೆ,
ಒಳಗೆ ಸ್ಪಿರಿಟ್ಟು, ಅಗಾರ್, ಬೆಂದ ಸಕ್ಕರೆ.

ಟೇಕಲ್ ಕಡೆಯ ಯಾರದೋ ಹಿತ್ತಿಲಿನ
ಹೇರಳೆ ಗಿಡದ ಚಿಗುರೆಲೆಯನ್ನು
ಉಗುರಿನಷ್ಟು ಕತ್ತರಿಸಿ ಬಾಟಲಿಗಿಟ್ಟದ್ದು
ಯುಗಾದಿಯ ಮಾರನೇ ದಿನ.
ಈಗದು ಎಲೆಯಲ್ಲ, ಬೇರಲ್ಲ, ಕಾಯಲ್ಲ,
ಕಡಲೆಹಿಟ್ಟು ಕಲಸಿಟ್ಟ ಹಾಗೆ ಹಳದಿ ಮುದ್ದೆ.
ಬೆಳೆಯುತ್ತದೆ, ಅಷ್ಟೆ.
ಮೂಸಿದರೆ ಏನೂ ಇಲ್ಲ.
ಹೇರಳೆ ಎಂದು ಚೀಟಿ ಹೇಳುತ್ತದೆ,
ಅದು ಹೇಳುವುದಿಲ್ಲ.

ಹೆದರಿಸಬೇಕು, ಎಂದರು ಅಶ್ವತ್ಥರೆಡ್ಡಿ ಸಾರ್.
ಹುಳ ಕಡಿಯಿತೆಂದು ನಂಬಿಸಬೇಕು.
ಅದಕ್ಕೊಂದು ರಸಾಯನ, ಜಾಸ್ಮೋನೇಟು,
ಮಲ್ಲಿಗೆಯಿಂದಲೇ ಬಂದ ಹೆಸರು.
ಮಲ್ಲಿಗೆಯ ಕೂಗನ್ನು ಹೇರಳೆಯ ಕಿವಿಗೆ
ಪಿಪೆಟ್ಟಿನಲ್ಲಿ ಬಿಡುವುದು ನನ್ನ ಕೆಲಸ.
ಐವತ್ತಕ್ಕೆ ಗೆರೆ ಕೊಂಚ ಎದ್ದಿತು.
ನೂರಕ್ಕೆ ಇನ್ನಷ್ಟು.
ಇನ್ನೂರು ಹಾಕಿ ಬೆಳಿಗ್ಗೆ ಬಂದು ನೋಡಿದರೆ
ಮುದ್ದೆಯೆಲ್ಲ ಒದ್ದೆ ಬೀಡಿಯ ಬಣ್ಣ.
ನೋವೇ ಪರಿಮಳವಾಗುತ್ತದೆ ಎಂದು
ಯಾರಾದರೂ ಪದ್ಯ ಬರೆದರೆ
ಆ ಆರು ಬಾಟಲಿ ತೋರಿಸುತ್ತೇನೆ.

ಬಾಟಲಿ ತೊಳೆಯುವ ಮುನಿರತ್ನಮ್ಮ
ಸತ್ತದ್ದನ್ನೂ ಬದುಕಿದ್ದನ್ನೂ ಒಂದೇ ಥರ ಮೂಸುತ್ತಾಳೆ.
"ಸಿಪ್ಪೆ ಮೇಲೆ ಚುಕ್ಕಿ ಚುಕ್ಕಿ ಇರ್ತದಲ್ಲಮ್ಮ,
ದೀಪಕ್ಕೆ ಹಿಂಡಿದ್ರೆ ಚಿಟಪಟ ಅಂತದಲ್ಲ,
ಇದಕ್ಕೆ ಅದೆಲ್ಲೈತೆ?
ಮಾಡಿದ್ದನ್ನ ಎಲ್ಲಿ ಮಡಗ್ತದೆ, ಪಾಪ?"

ಎಣ್ಣೆಗ್ರಂಥಿ.
ನಾನೂ ಓದಿದ್ದೆ. ಚಿತ್ರ ಸಹಿತ ಬರೆದೂ ಇದ್ದೆ,
ಎರಡು ಅಂಕಕ್ಕೆ.

ಹದಿನೇಳನೆಯದನ್ನು ದ್ರವಕ್ಕಿಳಿಸಿದೆ.
ನೂರೇ ಹಾಕಿದೆ. ಮೇಲೆ ತೆಳ್ಳಗೆ,
ಹಾಲಿಗೆ ಕೆನೆ ಕಟ್ಟಿದ ಹಾಗೆ,
ಬಣ್ಣವಿಲ್ಲದ ಎಣ್ಣೆ ಸುರಿದೆ.
ಮನೆ ಒಳಗಿಲ್ಲದಿದ್ದರೆ ಹೊರಗಾದರೂ ಇರಲಿ.
ಶೇಕರ್ ಮೇಲೆ ಒಂಬತ್ತು ದಿನ
ರಾಗಿ ಜರಡಿಯ ಹಾಗೆ ಸುತ್ತಿತು.
ನಡುವೆ ಎರಡು ಸಲ ಕರೆಂಟು ಹೋಯಿತು.

ಹತ್ತನೇ ದಿನ, ಯಂತ್ರಕ್ಕೆ ಕೊಡುವ ಮೊದಲು,
ಹತ್ತಿಯ ಬಿರಡೆ ಬಿಚ್ಚಿ ಅವಳ ಮುಂದೆ ಹಿಡಿದೆ.
ಕಣ್ಣು ಮುಚ್ಚಿದಳು. ಸುಮಾರು ಹೊತ್ತು.
"ಕಾಯಲ್ಲ ಇದು," ಅಂದಳು. "ಎಲೆ.
ಮಜ್ಜಿಗೆಗೆ ಹಿಸುಕಿ ಹಾಕ್ತೀವಲ್ಲ, ಎಳೇದು."

ಹೌದು, ನಾವು ಇಟ್ಟದ್ದು ಎಲೆಯ ಚೂರು.
ಅವಳಿಗದನ್ನು ಯಾರೂ ಹೇಳಿರಲಿಲ್ಲ.

ಯಂತ್ರ ನಾಲ್ಕು ಪಟ್ಟು ಅಂದಿತು.
ಇನ್ನೆರಡು ಸಲ ಮಾಡಿ ನೋಡು, ಅಂದರು ಸಾರ್.
ಮುನಿರತ್ನಮ್ಮ ಮಾತ್ರ ಬೈಯುತ್ತಿದ್ದಳು,
ಎಣ್ಣೆ ಹತ್ತಿದ ಬಾಟಲಿಗೆ ಸೋಪು ಎಲ್ಲಿ ಸಾಲುತ್ತೆ,
ಒಂದು ಹಿಡಿ ಬೂದಿಯಾದರೂ ಬೇಡವೆ?
ಗೇಟು ದಾಟಿ ಹೋಗಿ
ಹೆಂಚಿನ ಭಟ್ಟಿಯಿಂದ ತಂದುಕೊಟ್ಟೆ,
ಇನ್ನೂ ಬೆಚ್ಚಗಿತ್ತು.