ಹೊಟ್ಟೆ ಸೀಳದ ದ

ತಾಳವಾಡಿ ಸಂತೆಮಾಳದ ಹಿಂದೆ, ಕದಿರ್‌ವೇಲುವಿನ ಶೆಡ್ಡಿನಲ್ಲಿ
ಎಂಟು ತಿಂಗಳು ಬಿಚ್ಚಿಕೊಂಡು ಮಲಗಿತ್ತು
ಪುಟ್ಟಬುದ್ದಿಯವರ ಡಾಜ್ ಲಾರಿ.
ಮಿಲಿಟರಿ ಹರಾಜಿನ ಮಾಲು. ನಾಲ್ಕು ಚಕ್ರಕ್ಕೂ ಎಳೆತ.
ಗೇರಿನ ಪಕ್ಕ ಇನ್ನೊಂದು ಕುಳ್ಳ ಲಿವರು,
ಅದನ್ನು ಮುಂದೆ ತಳ್ಳಿದರೆ ಮುಂಗಾಲಿಗೂ ಜೀವ ಬಂದು
ದಿಂಬದ ಕೆಸರಲ್ಲಿ ಬಿದಿರು ಹೇರಿಕೊಂಡು
ಕೋಣದ ಹಾಗೆ ಮೇಲೇಳುತ್ತಿತ್ತು.
ನಾನು ಕಂಡಿದ್ದೇನೆ.

ಮಗಳು ಕೆಂಪಮ್ಮಣ್ಣಿ, ರಿಟೈರಾದ ಲೆಕ್ಕದ ಟೀಚರು,
ಒಂದೇ ಹಟ: ಹೆಂಗಿತ್ತೋ ಅಂಗೇ.
ಒಂದೊಂದು ನಟ್ಟಿಗೂ ಚೀಟಿ ಬರೆದು
ಹಾರ್ಲಿಕ್ಸ್ ಬಾಟಲಿಗಳಲ್ಲಿ ಡೀಸೆಲ್ಲಿಗೆ ನೆನೆಹಾಕಿದರು,
ಉಪ್ಪಿನಕಾಯಿ ಹಾಕಿದ ಹಾಗೆ.
‘ಪವರ್ ಸ್ಟೀರಿಂಗ್ ಕೂರಿಸೋಣ ಮೇಡಂ, ನಿಮ್ಮ ತೋಳಿಗೆ ಸುಖ’
ಅಂದ ಕದಿರ್‌ವೇಲು.
‘ತೋಳು ಬೇಕಾರೆ ಬದಲಾಯ್ಸು’ ಅಂದರು.

ನಡುವೆ ಯಾರೋ ಕೂರಿಸಿದ್ದ ಡೀಸೆಲ್ ಎಂಜಿನ್ನು ಇಳಿಯಿತು.
ಹುಟ್ಟುವಾಗಿನದು ಸಿಕ್ಕಿದ್ದು
ತಿಗಣಾರೆಯ ಒಂದು ಹಿತ್ತಿಲಲ್ಲಿ.
ಇಪ್ಪತ್ತು ವರ್ಷ ಅದಕ್ಕೊಂದು ಎಮ್ಮೆ ಕಟ್ಟಿದ್ದರು.
ಒಡತಿ ಕೇಳಿದಳು:
‘ಇದ ತಕ್ಕೊಂಡೋದ್ರೆ ನಮ್ಮೆಮ್ಮೆ ಯಾತಕ್ಕೆ ಕಟ್ಲಿ?’
ಡೀಸೆಲ್ ಎಂಜಿನ್ನನ್ನು ಅಲ್ಲಿಗೆ ಸಾಗಿಸಿದೆವು.
ಎಮ್ಮೆ ಮೂಸಿತು, ಒಪ್ಪಿತು.

ನನ್ನನ್ನು ಕರೆಸಿದ್ದು ಕಡೆಗೆ,
ಅಕ್ಷರಕ್ಕೆ.
ಹಿಂಬದಿ ಹಲಗೆಯ ನೀಲಿ ಹೆರೆದರೆ ಹಸಿರು,
ಹಸಿರು ಹೆರೆದರೆ ಕಾವಿ,
ಕಾವಿಯ ಮೇಲೆ ಹಳದಿಯಲ್ಲಿ
ನಿದಾನವಾಗಿ ಚಲಿಸಿ.
ಮೂಲೆಯಲ್ಲಿ, ಇರುವೆಯಷ್ಟು ಸಣ್ಣಗೆ,
ಮಾರಸಾಮಿ ಆರ್ಟ್ಸ್.

ಆಗ ನನಗೆ ಹತ್ತೊಂಬತ್ತು.
ಇಸ್ಕೂಲಲ್ಲಿ ಓದಿದ್ದು ತಮಿಳು,
ಅದರಲ್ಲಿ ಅಕ್ಷರದ ಹೊಟ್ಟೆ ಸೀಳುವ ಕೆಲಸವೇ ಇಲ್ಲ.
ಕನ್ನಡ ಕಲಿತದ್ದು ಅವ್ವನ ಬಾಯಿಂದ,
ಅವಳ ಬಾಯಲ್ಲೂ ಇರಲಿಲ್ಲ.
ಲಾರಿ ಚಾಮರಾಜನಗರ ಮುಟ್ಟುವುದರೊಳಗೆ
ಕಾಗುಣಿತ ಬಲ್ಲವರೆಲ್ಲ ನಕ್ಕರು.
ಆಮೇಲೆ ನಲವತ್ತೇಳು ವರ್ಷ
ಧಾನ್ಯದ ಮಂಡಿ, ರಾಧಾ ಟೈಲರ್ಸ್, ಧರ್ಮಛತ್ರ,
ಕಂಡಕಂಡ ದಕ್ಕೆಲ್ಲ ಹೊಟ್ಟೆ ಸೀಳಿದ್ದೇನೆ.
ಹೆದರಿಕೆಗೆ, ಸೀಳಬಾರದ್ದಕ್ಕೂ.
ಒಂದೂರಿನಲ್ಲಿ ಧನದ ಆಸ್ಪತ್ರೆ ಅಂತ ಬೋರ್ಡಿತ್ತಲ್ಲ,
ಅದು ನಾನೇ.

ಹಲಗೆಯ ಎಡಗಡೆ ಗೆದ್ದಲು ತಿಂದು ಹೊಸ ಮರ ಬಂದಿತ್ತು.
ಎಣ್ಣೆಕಾಗದದ ಮೇಲೆ ಹಳೆಯ ಅಚ್ಚು ತೆಗೆದಿಟ್ಟಿದ್ದರು ಅಮ್ಮಣ್ಣಿ.
ಕುಂಚ ಎತ್ತಿದೆ. ನಿ ಬಂತು.
ದ ದುಂಡಗೆ ಬಂತು,
ಕೈ ತಾನಾಗಿ ಕೆಳಗಿಳಿದು ಸೀಳಿತು.
‘ಒರೆಸು ಮಾರಸಾಮಿ.’
ಒರೆಸಿದೆ. ಮತ್ತೆ ಸೀಳಿತು.
‘ಗೊತ್ತಿದ್ದೂ ತಪ್ಪು ಬರೀಬೇಕಾ ಅಮ್ಮಣ್ಣಿ?’
‘ತಪ್ಪು ನಿಂದಲ್ಲ ಕನೋ, ಲಾರೀದು. ಅಂಗೇ ಬುಡು.’

ಅಚ್ಚಿನಲ್ಲಿದ್ದ ಆ ಹುಡುಗನ ದ
ಮುದ್ದೆ ಉಂಡೆದ್ದ ಹೊಟ್ಟೆಯ ಹಾಗೆ
ತುಂಬಿಕೊಂಡು ಕೂತಿತ್ತು, ಯಾರ ಭಯವೂ ಇಲ್ಲದೆ.
ಅವನ ಕೈ ನನಗೆ ಬರಲೊಲ್ಲದು.
ನಾಲ್ಕನೇ ಸಲ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು
ಬರೆದೆ. ಆಯಿತು. ಸ್ವಲ್ಪ ಸೊಟ್ಟ.

ಭಾನುವಾರ ಕೋಸಿನ ಹೊಲಕ್ಕೆ ನೀರು ಬಿಟ್ಟು
ಪರೀಕ್ಷೆಗೆ ಇಳಿಸಿದರು.
ಹಿಂಗಾಲು ಹೂತು, ಗರ್ರ್ ಎಂದು ಸುಮ್ಮನೆ ತಿರುಗಿತು.
ಅಮ್ಮಣ್ಣಿ ಸೆರಗು ಸಿಕ್ಕಿಸಿ
ಕುಳ್ಳ ಲಿವರನ್ನು ಎರಡೂ ಕೈಯಲ್ಲಿ ಮುಂದೆ ತಳ್ಳಿದರು.
ಎಲ್ಲೋ ಒಳಗೆ ಹಲ್ಲಿಗೆ ಹಲ್ಲು ಕೂತ ಸದ್ದು.
ಮುಂಗಾಲು ನೆಲ ಕಚ್ಚಿತು. ಲಾರಿ ಎದ್ದಿತು.
ಹಿಂದೆ ನಿಂತ ನಮ್ಮಿಬ್ಬರ ಮೈಯೆಲ್ಲ ಕೆಸರು.

ಹಲಗೆಗೂ ಸಿಡಿದು ಬರಹ ಮುಚ್ಚಿ
ನಡುವೆ ಎರಡೇ ಅಕ್ಷರ ಉಳಿದಿತ್ತು:
ದಾನ.
ತಪ್ಪೇ ಇಲ್ಲ.
ಸೀಳಿದ್ದರೆ ತಪ್ಪಾಗುತ್ತಿತ್ತು.

ಕನ್ನಡ ಓದಲು ಬಾರದ ಕದಿರ್‌ವೇಲು
ಏನು ಉಳಿದಿದೆ ಅಂತ ಕೇಳಿದ. ಹೇಳಿದೆ.
ಮುಖದ ಕೆಸರು ಒರೆಸಿಕೊಳ್ಳುತ್ತ
‘ಅಪ್ಪೊ ನಿನ್ನ ಕೂಲಿ ಬಂದ ಹಾಗೇ ಅಣ್ಣ’ ಅಂದ.