ದುರ್ಗಿಗುಡಿಯಲ್ಲಿ ಎರಡು ಫೋನು

ಅಂಗಡಿ ಹುಡುಗ ಎರಡನ್ನೂ ಗಾಜಿನ ಮೇಲೆ ಇಟ್ಟ
ಒರೆಸಿದ ಸ್ಲೇಟುಗಳ ಹಾಗೆ.
ಇದು ಆರು ಮುಕ್ಕಾಲು ಇಂಚು,
ಇದು ಕೂದಲೆಳೆಯಷ್ಟು ಹೆಚ್ಚು.
ಆಮೇಲೆ ಅವನ ತುಟಿ ಓಡತೊಡಗಿತು.
ತಂಗಿ ಪ್ರಮೀಳಾ ಕೈಯಲ್ಲಿ ತಿಳಿಸಿದಳು:
ಸ್ಪೀಕರ್ ಎರಡಂತೆ, ಕಿವಿಗೆ ಥೇಟ್ ಟಾಕೀಸು!
ನಾವಿಬ್ಬರೂ ನಕ್ಕೆವು.
ಅವನಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು,
ಮುಖ ಕೆಂಪಾಯಿತು, ಪಾಪ.

ನನಗೆ ಬೇಕಾದದ್ದು ಅಗಲ.
ಭದ್ರಾವತಿಯ ಜುಲೇಖಾ ಮಾತಾಡಿದರೆ
ಮೊಣಕೈವರೆಗೂ ಮಾತಾಡುತ್ತಾಳೆ;
ಅಷ್ಟೂ ಕಾಣಲೆಂದು ಹಿಂದೆ ಸರಿದರೆ
ಹಳೆಯ ಫೋನಿನಲ್ಲಿ ಅವಳ ಬೆರಳೆಲ್ಲ ಜೀರಿಗೆ.

ಅಲ್ಲಿಂದಲೇ ಕರೆದೆ.
ಮೊದಲನೆಯದರಲ್ಲಿ ಉಗುರಿನ ಮೆಹಂದಿಯೂ ಕಂಡಿತು,
ಬೇಗ ಹೇಳಿದ್ದು ಮಾತ್ರ ಕಲಸಿದ ಹಿಟ್ಟು.
ಎರಡನೆಯದರಲ್ಲಿ ಬಣ್ಣ ಸಪ್ಪೆ. ಆದರೆ
ಒಗ್ಗರಣೆ ಹೊತ್ತಿಗೇ ಕರೀತೀಯಲ್ಲೇ ಎಂದು
ಅವಳು ಬೈದದ್ದು
ಒಂದೊಂದೂ ಬಿಡಿಬಿಡಿ, ಅನ್ನದಗುಳಿನ ಹಾಗೆ.

ಇನ್ನೊಂದು ತೊಡಕು.
ಇಷ್ಟು ದೊಡ್ಡದನ್ನು ಹಿಡಿದರೆ ಒಂದು ಕೈ ಅದಕ್ಕೇ ಹೋಯಿತು,
ಉಳಿದ ಒಂದರಲ್ಲಿ ನಾನು ತೊದಲುವವಳು.
ಹುಡುಗ ನೋಡಿದ. ತುಟಿ ಅಲುಗಿಸದೆ
ತನ್ನ ಚಹಾದ ಲೋಟ ಬರಿದು ಮಾಡಿ, ಒರೆಸಿ,
ಫೋನನ್ನು ಅದಕ್ಕೆ ಒರಗಿಸಿದ.

ಮೊದಲನೆಯದು ಜಾರಿತು.
ಎರಡನೆಯದು ನಿಂತಿತು.
ಬೆಲೆ ಸಾವಿರದ ಐನೂರು ಜಾಸ್ತಿ.

ಯಾವುದು? ಜುಲೇಖಾ ಕೇಳಿದಳು,
ಒಗ್ಗರಣೆ ಸೌಟು ಹಿಡಿದುಕೊಂಡೇ.
ನಾನು, ಎರಡೂ ಕೈಯಲ್ಲಿ:
ತಾಳು, ಲೋಟವನ್ನೂ ಸೇರಿಸಿ ಕೊಡ್ತಾನಾ
ಕೇಳ್ತಿದೀನಿ.